ಬಿಲ್ಲಿಗೂ ಒಂದು ಲ್ಯಾಕ್ಟೋಮೀಟರ್
(ಸದಸ್ಯರ ಶಿಕ್ಷಣ ಪಾಠ: ಗುತ್ತಿಗೆದಾರರು ಮತ್ತು ಅನುದಾನ ಪಡೆದವರ ಮೂಲಕ ಖರ್ಚಾಗುವ ಸರ್ಕಾರದ ಹಣ)



ಬೆಳಗ್ಗೆ ಡೇರಿ ಮುಂದೆ ಸಾಲಿನಲ್ಲಿ ನಿಂತಾಗ ನಮ್ಮ ಕಣ್ಣು ಎಲ್ಲಿರುತ್ತದೆ? ತಕ್ಕಡಿಯ ಮೇಲೆ, ಇಲ್ಲವೇ ಫ್ಯಾಟ್ ಮೆಷಿನ್ನಿನ ಮೇಲೆ. ನಿನ್ನೆ 4.1 ಬಂದಿದ್ದು ಇವತ್ತು 3.9 ಬಂದರೆ ಪರೀಕ್ಷಕರನ್ನು ಅಲ್ಲಿಯೇ ಕೇಳುತ್ತೇವೆ. ಹಿಂದೆ ನಿಂತವರು ಬೈದರೂ ಇನ್ನೊಮ್ಮೆ ಸ್ಯಾಂಪಲ್ ಹಾಕಿಸುತ್ತೇವೆ. ಅದು ಜಗಳಗಂಟತನವಲ್ಲ. ಲೀಟರಿಗೆ ಹತ್ತಿಪ್ಪತ್ತು ಪೈಸೆ ಹೋದರೂ ಅದು ನಮ್ಮ ದುಡಿಮೆ, ನಮ್ಮ ಹಸುವಿನ ದುಡಿಮೆ.

ಹಾಲು ಹಾಕಿ ಖಾಲಿ ಕ್ಯಾನ್ ಹಿಡಿದು ಮನೆಗೆ ಹೋಗುವಾಗ ಅದೇ ನಾವು ಕಾಂಕ್ರೀಟ್ ರಸ್ತೆಯ ಮೇಲೆ ನಡೆಯುತ್ತೇವೆ. ಹಾಕಿ ಎರಡು ಮಳೆಗಾಲ ಆಗಿಲ್ಲ, ಆಗಲೇ ಜಲ್ಲಿ ಎದ್ದಿದೆ. ಕಾಲಿಗೆ ಚುಚ್ಚಿದರೆ "ಏನ್ ರಸ್ತೆನಪ್ಪಾ" ಎಂದು ಗೊಣಗಿ ಮುಂದೆ ಹೋಗುತ್ತೇವೆ. ಎಷ್ಟು ಹಣ ಬಂತು, ಯಾರು ಮಾಡಿದರು, ಎಷ್ಟು ದಪ್ಪ ಹಾಕಬೇಕಿತ್ತು ಎಂದು ಕೇಳುವವರಿಲ್ಲ. ಅದೂ ನಮ್ಮ ದುಡ್ಡೇ. ಬೂಸಾ ಚೀಲ ತರುವ ಆಟೋಗೆ ಹಾಕಿಸುವ ಡೀಸೆಲ್ಲಿನಿಂದ ಹಿಡಿದು ಅಂಗಡಿಯಲ್ಲಿ ಕೊಳ್ಳುವ ಸೋಪಿನವರೆಗೆ ನಾವು ಕಟ್ಟುವ ತೆರಿಗೆಯೇ ಸುತ್ತಿ ಬಂದು ಆ ರಸ್ತೆಯಾಗಿದೆ.

ಈ ಸಲದ ಪಾಠ ಆ ಹಣದ ಬಗ್ಗೆ.

ಹಣ ಮೂರು ದಾರಿಯಲ್ಲಿ ಹೋಗುತ್ತದೆ

ಸರ್ಕಾರ ಹಣ ಖರ್ಚು ಮಾಡುವುದರಲ್ಲಿ ಸಂಬಳ ಒಂದು ದಾರಿ. ಅದರ ಲೆಕ್ಕ ಸುಲಭ. ಹುದ್ದೆಗೆ ಇಷ್ಟು ಎಂದು ಗೊತ್ತಿರುತ್ತದೆ. ಎರಡನೆಯದು ಗುತ್ತಿಗೆ. ರಸ್ತೆ, ಚರಂಡಿ, ಶಾಲೆಯ ಕೊಠಡಿ, ಪಶು ಆಸ್ಪತ್ರೆಗೆ ಔಷಧಿ, ಇವೆಲ್ಲ ಹೊರಗಿನವರು ಮಾಡಿ ಅಥವಾ ಪೂರೈಸಿ ಬಿಲ್ ಕೊಡುವ ವ್ಯವಹಾರ. ಮೂರನೆಯದು ಅನುದಾನ ಮತ್ತು ಸಹಾಯಧನ. ಸಂಘ-ಸಂಸ್ಥೆಗೆ ಕಟ್ಟಡಕ್ಕೆ ಕೊಡುವುದು, ರೈತನಿಗೆ ಮೇವು ಕತ್ತರಿಸುವ ಯಂತ್ರಕ್ಕೆ ಕೊಡುವುದು, ನಮಗೆ ಲೀಟರಿಗೆ ಇಷ್ಟು ಎಂದು ಬರುವ ಪ್ರೋತ್ಸಾಹಧನ, ಎಲ್ಲ ಇದರಲ್ಲಿ ಬರುತ್ತವೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ ಮುಂದೆ 5 ರೂಪಾಯಿಗೆ ಏರಿದ ಆ ಹಣವನ್ನು ಪಡೆಯುವ ನಾವೂ ಸರ್ಕಾರದ ಪುಸ್ತಕದಲ್ಲಿ 'ಫಲಾನುಭವಿ'ಗಳೇ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಎರಡನೆಯ ಮತ್ತು ಮೂರನೆಯ ದಾರಿಯಲ್ಲಿ ಇರುವ ತೊಡಕು ಒಂದೇ. ಹಣ ಸರ್ಕಾರದ ಕಚೇರಿ ದಾಟಿ ಖಾಸಗಿಯವರ ಕೈಗೆ ಹೋಗುತ್ತದೆ. ಕಚೇರಿಯಲ್ಲಿ ಕೇಳಿದರೆ "ಬಿಲ್ ಪಾಸ್ ಮಾಡಿದ್ದೀವಿ, ಕಂಟ್ರಾಕ್ಟರನ್ನ ಕೇಳಿ" ಎನ್ನುತ್ತಾರೆ. ಕಂಟ್ರಾಕ್ಟರನ್ನು ಕೇಳಿದರೆ "ನಿಮಗ್ಯಾಕ್ರೀ ಹೇಳ್ಲಿ, ಇಲಾಖೆಗೆ ಹೇಳ್ತೀನಿ" ಎನ್ನುತ್ತಾನೆ. ಇಬ್ಬರ ಮಧ್ಯೆ ರಸ್ತೆ ಮಾತ್ರ ತೆಳ್ಳಗಾಗುತ್ತದೆ.

ರಾಜಸ್ಥಾನದ ಹಳ್ಳಿಯವರು ಕೇಳಿದ್ದು

ಈ ತೊಡಕನ್ನು ಬಿಡಿಸಿದವರು ದೊಡ್ಡ ಓದು ಓದಿದವರಲ್ಲ. ರಾಜಸ್ಥಾನದ ಕೂಲಿಯವರು, ಸಣ್ಣ ರೈತರು. ಆ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇಂದು ನಮ್ಮ ಕೈಯಲ್ಲಿರುವ ಕಾನೂನು ಅಲ್ಲಿಂದ ಮೊಳೆತದ್ದು.

ರಾಜಸಮಂದ್ ಜಿಲ್ಲೆಯ ದೇವ್‌ಡುಂಗರಿ ಎಂಬ ಸಣ್ಣ ಹಳ್ಳಿಯಲ್ಲಿ 1990ರ ಮೇ 1ರಂದು 'ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್' ಹುಟ್ಟಿತು. ಐ.ಎ.ಎಸ್. ಕೆಲಸ ಬಿಟ್ಟು ಬಂದಿದ್ದ ಅರುಣಾ ರಾಯ್, ನಿಖಿಲ್ ಡೇ, ಅದೇ ಸೀಮೆಯ ಶಂಕರ್ ಸಿಂಗ್, ಅವರ ಜೊತೆಗೆ ಸುತ್ತಲಿನ ಹಳ್ಳಿಗಳ ಕೂಲಿ ಜನ. ಅದು ಬರದ ಸೀಮೆ. ಬರಗಾಲದ ಕಾಮಗಾರಿಯಲ್ಲಿ ದುಡಿದರೂ ಸರ್ಕಾರವೇ ಗೊತ್ತುಮಾಡಿದ ಕನಿಷ್ಠ ಕೂಲಿ ಕೈಗೆ ಸಿಗುತ್ತಿರಲಿಲ್ಲ. ಏಕೆ ಎಂದು ಕೇಳಿದರೆ "ನೀವು ಅಷ್ಟು ಕೆಲಸ ಮಾಡಿಲ್ಲ, ದಾಖಲೆಯಲ್ಲಿ ಹಾಗೇ ಇದೆ" ಎಂಬ ಉತ್ತರ. ಹಾಗಾದರೆ ದಾಖಲೆ ತೋರಿಸಿ ಎಂದರೆ "ಅದು ಸರ್ಕಾರಿ ಗುಟ್ಟು" ಎಂಬ ಉತ್ತರ. ಮಣ್ಣು ಹೊತ್ತವಳಿಗೆ ತಾನು ಎಷ್ಟು ಬುಟ್ಟಿ ಹೊತ್ತೆ ಎಂಬ ಕಾಗದ ನೋಡುವ ಹಕ್ಕಿರಲಿಲ್ಲ.

ಅವರು ಒಂದು ಸರಳ ಉಪಾಯ ಮಾಡಿದರು. ಹೇಗೋ ಕೆಲವು ದಾಖಲೆಗಳ ಪ್ರತಿ ಸಿಕ್ಕಾಗ ಅವನ್ನು ಊರಿನ ಬಯಲಿನಲ್ಲಿ, ಎಲ್ಲರ ಮುಂದೆ, ಗಟ್ಟಿಯಾಗಿ ಓದಿದರು. 1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ನಡೆದದ್ದು ಇಂತಹ ಮೊದಲ 'ಜನ್ ಸುನ್ವಾಯಿ', ಅಂದರೆ ಜನರೇ ನಡೆಸಿದ ಅಹವಾಲು ಸಭೆ. ಹಾಜರಿ ಪಟ್ಟಿಯಲ್ಲಿದ್ದ ಒಂದೊಂದು ಹೆಸರನ್ನೂ ಕೂಗುವುದು, ಆ ವ್ಯಕ್ತಿ ಎದ್ದು ನಿಂತು ಕೆಲಸ ಮಾಡಿದ್ದೆನೋ ಇಲ್ಲವೋ ಹೇಳುವುದು, ಇಷ್ಟೇ ಕೆಲಸ. ಸತ್ತವರ ಹೆಸರಿಗೆ ಕೂಲಿ ಬಟವಾಡೆಯಾಗಿತ್ತು. ಊರು ಬಿಟ್ಟು ದೂರದ ನಗರಕ್ಕೆ ಹೋದವರ ಹೆಬ್ಬೆಟ್ಟು ಪಟ್ಟಿಯಲ್ಲಿತ್ತು. ಮುಗಿದಿದೆ ಎಂದು ದಾಖಲಾಗಿದ್ದ ಕಟ್ಟಡಕ್ಕೆ ಚಾವಣಿಯೇ ಇರಲಿಲ್ಲ. ಅದನ್ನು ಹೇಳಲು ಎಂಜಿನಿಯರೇ ಬೇಕಾಗಿರಲಿಲ್ಲ. ಕುಳಿತಲ್ಲಿಂದಲೇ ಕಾಣುತ್ತಿತ್ತು.

ಅದೇ ತಿಂಗಳು ಭೀಮ್ ಎಂಬಲ್ಲಿ ನಡೆದ ಸಭೆ ನಮ್ಮ ಪಾಠಕ್ಕೆ ಇನ್ನೂ ಹತ್ತಿರದ್ದು. ಅಲ್ಲಿ ಬಯಲಾದದ್ದು ಕೂಲಿಯ ವಿಚಾರವಷ್ಟೇ ಅಲ್ಲ, ಸಾಮಗ್ರಿ ಪೂರೈಕೆಯ ವಿಚಾರ. ಕಾಮಗಾರಿಗಳಿಗೆ ಸಾಮಾನು ಕೊಟ್ಟಿದ್ದೇನೆ ಎಂದು ಬಿಲ್ಲಿನ ಮೇಲೆ ಬಿಲ್ ಹಾಕಿ ಹಣ ಪಡೆದಿದ್ದ ಒಂದು ಕಂಪನಿ ಬರೀ ಕಾಗದದ ಮೇಲಿತ್ತು. ಬಿಲ್ ಕ್ರಮಬದ್ಧ, ಸಹಿ ಕ್ರಮಬದ್ಧ, ಸೀಲೂ ಇದೆ. ಅಂಗಡಿ ಮಾತ್ರ ಇಲ್ಲ!

ಇಷ್ಟಾದ ಮೇಲೆ ಅಲ್ಲಿನ ಗ್ರಾಮಸೇವಕರು ಏನು ಮಾಡಿದರು ಗೊತ್ತೇ? ದಾಖಲೆ ಕೊಡುವುದಿಲ್ಲ ಎಂದು ಮುಷ್ಕರ ಹೂಡಿದರು. ನಾವು ಸರ್ಕಾರದ ಆಡಿಟ್‌ಗೆ ಉತ್ತರ ಕೊಡುತ್ತೇವೆ, ಊರಿನವರಿಗಲ್ಲ ಎಂಬುದು ಅವರ ವಾದ. ಆಡಿಟ್ ಆಗಿದೆ, ಇನ್ನೇನು? ಈ ವಾದ ನನಗೆ ಬಹಳ ಪರಿಚಿತ. ನಾನೂ ಒಮ್ಮೆ ಇದನ್ನೇ ಹೇಳಿದ್ದೆ. ಅದನ್ನು ಮುಂದೆ ಒಪ್ಪಿಕೊಳ್ಳುತ್ತೇನೆ.

1995ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಭೈರೋನ್ ಸಿಂಗ್ ಶೇಖಾವತ್ ಅವರು ಪಂಚಾಯಿತಿ ಕಾಗದಗಳ ನಕಲು ಜನರಿಗೆ ಸಿಗುತ್ತದೆ ಎಂದು ವಿಧಾನಸಭೆಯಲ್ಲಿ ಮಾತು ಕೊಟ್ಟರು. ಒಂದು ವರ್ಷ ಕಳೆದರೂ ಆದೇಶ ಬರಲಿಲ್ಲ. 1996ರ ಏಪ್ರಿಲ್ 6ರಿಂದ ಬ್ಯಾವರ್ ಪಟ್ಟಣದಲ್ಲಿ ಜನ 40 ದಿನ ಧರಣಿ ಕುಳಿತರು. ಅವರ ಘೋಷಣೆ ಎರಡೇ ಮಾತಿನದು: ನಮ್ಮ ಹಣ, ನಮ್ಮ ಲೆಕ್ಕ. ಆಗ ಹೊರಬಿದ್ದ ಆದೇಶದಲ್ಲಿ ದಾಖಲೆ ನೋಡಬಹುದು, ಆದರೆ ಜೆರಾಕ್ಸ್ ಇಲ್ಲ ಎಂದಿತ್ತು. ಜನ ಒಪ್ಪಲಿಲ್ಲ. ಕೈಯಲ್ಲಿ ಬರೆದುಕೊಂಡದ್ದನ್ನು ಯಾರು ನಂಬುತ್ತಾರೆ? ನಮ್ಮಲ್ಲೂ ಅಷ್ಟೇ. ಪರೀಕ್ಷಕರು ಬಾಯಲ್ಲಿ ಹೇಳಿದ ಫ್ಯಾಟ್‌ಗೆ ಬೆಲೆಯಿಲ್ಲ, ಚೀಟಿಯಲ್ಲಿ ಮೂಡಬೇಕು. 1997ರಲ್ಲಿ ಜೈಪುರದಲ್ಲಿ ಇನ್ನೊಂದು ಧರಣಿ, 53 ದಿನ. ಅದರ ಕೊನೆಗೆ ಪಂಚಾಯಿತಿ ದಾಖಲೆಗಳ ನಕಲು ಪಡೆಯುವ ಹಕ್ಕು ಸಿಕ್ಕಿತು.

2000ದಲ್ಲಿ ರಾಜಸ್ಥಾನವೂ ನಮ್ಮ ಕರ್ನಾಟಕವೂ ತಮ್ಮದೇ ಮಾಹಿತಿ ಹಕ್ಕು ಕಾನೂನು ಮಾಡಿದವು. ಇಡೀ ದೇಶಕ್ಕೆ ಕಾನೂನು ಬಂದದ್ದು 2005ರಲ್ಲಿ. ಆ ವರ್ಷದ ಅಕ್ಟೋಬರ್ 12ರಿಂದ ಅದು ಪೂರ್ಣ ಜಾರಿಯಾಯಿತು. ಅದೇ ವರ್ಷ ಬಂದ ಉದ್ಯೋಗ ಖಾತರಿ ಕಾನೂನು ಕಾಮಗಾರಿಗಳಲ್ಲಿ ಗುತ್ತಿಗೆದಾರರನ್ನೇ ನಿಷೇಧಿಸಿತು. ಗ್ರಾಮಸಭೆಯೇ ಕಾಮಗಾರಿಯ ಸಾಮಾಜಿಕ ಪರಿಶೋಧನೆ ಮಾಡಬೇಕು ಎಂದು 17ನೇ ಕಲಮಿನಲ್ಲಿ ಬರೆಯಿತು. ಕೋಟ್ ಕಿರಾನಾದ ಬಯಲಿನ ಪದ್ಧತಿ ಕಾನೂನಾಯಿತು.

ಕಾನೂನಿನಲ್ಲಿ ನಮಗೆ ಬೇಕಾದ ನಾಲ್ಕು ಸಾಲು

ಮಾಹಿತಿ ಹಕ್ಕು ಕಾನೂನನ್ನು ಪೂರ್ತಿ ಓದಬೇಕಿಲ್ಲ. ಗುತ್ತಿಗೆ ಮತ್ತು ಅನುದಾನದ ವಿಚಾರಕ್ಕೆ ಕೆಲವು ಸಾಲು ಸಾಕು.

'ಮಾಹಿತಿ' ಎಂದರೆ ಏನು ಎಂಬಲ್ಲೇ ಒಪ್ಪಂದ ಪತ್ರ, ಮಾದರಿ ಎಂಬ ಪದಗಳಿವೆ. ಖಾಸಗಿ ಸಂಸ್ಥೆಯ ಮಾಹಿತಿಯೂ ಬೇರೆ ಯಾವುದಾದರೂ ಕಾನೂನಿನಡಿ ಸರ್ಕಾರಿ ಕಚೇರಿ ಪಡೆಯಬಹುದಾದದ್ದಾದರೆ ಅದೂ ಇದರಲ್ಲಿ ಸೇರುತ್ತದೆ. ಆದ್ದರಿಂದ "ಕಂಟ್ರಾಕ್ಟರನ್ನ ಕೇಳಿ" ಎಂಬ ಉತ್ತರಕ್ಕೆ ಕಾನೂನಿನ ಬಲವಿಲ್ಲ. ಇಲಾಖೆಯ ಕಡತದಲ್ಲಿರುವ ಒಪ್ಪಂದ, ಬಿಲ್, ಅಳತೆ ಎಲ್ಲವನ್ನೂ ಇಲಾಖೆಯೇ ಕೊಡಬೇಕು.

'ಹಕ್ಕು' ಎಂಬಲ್ಲಿ ಇನ್ನೂ ಸ್ವಾರಸ್ಯವಿದೆ. ದಾಖಲೆಯನ್ನಷ್ಟೇ ಅಲ್ಲ, ಕಾಮಗಾರಿಯನ್ನೇ ಪರಿಶೀಲಿಸಬಹುದು. ದೃಢೀಕರಿಸಿದ ನಕಲು ಪಡೆಯಬಹುದು. ಬಳಸಿದ ಸಾಮಗ್ರಿಯ ದೃಢೀಕರಿಸಿದ ಸ್ಯಾಂಪಲ್ ಕೂಡ ಪಡೆಯಬಹುದು. ಹಾಲಿನ ಸ್ಯಾಂಪಲ್ ತೆಗೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

4ನೇ ಕಲಮು ಕೇಳದೆಯೇ ಪ್ರಕಟಿಸಬೇಕಾದ ವಿಷಯಗಳನ್ನು ಹೇಳುತ್ತದೆ. ಪ್ರತಿ ಕಚೇರಿಗೆ ಹಂಚಿಕೆಯಾದ ಹಣ ಮತ್ತು ಬಟವಾಡೆ, ಸಹಾಯಧನ ಯೋಜನೆಗಳು ನಡೆಯುವ ರೀತಿ, ಅವುಗಳ ಮೊತ್ತ, ಫಲಾನುಭವಿಗಳ ವಿವರ, ಇವೆಲ್ಲ ಆ ಪಟ್ಟಿಯಲ್ಲಿವೆ. ರಾಜಸ್ಥಾನ ಇದಕ್ಕಾಗಿ 2019ರಲ್ಲಿ 'ಜನ್ ಸೂಚನಾ' ಪೋರ್ಟಲ್ ತೆರೆಯಿತು. ಅದರ ಮಾದರಿಯಲ್ಲೇ ನಮ್ಮಲ್ಲಿ 'ಮಾಹಿತಿ ಕಣಜ' ಬಂದಿದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಒಂದು ಸಂಜೆ ಮೊಬೈಲಿನಲ್ಲಿ ತೆಗೆಸಿ ನೋಡಿ. ಟೆಂಡರ್ ಕರೆಯುವ ಕ್ರಮಕ್ಕೆ ನಮ್ಮ ರಾಜ್ಯದಲ್ಲಿ 1999ರದೇ ಪ್ರತ್ಯೇಕ ಪಾರದರ್ಶಕತೆ ಕಾಯ್ದೆ ಇದೆ. ಅದರಲ್ಲಿ 4(ಜಿ) ಎಂಬ ಒಂದು ಕಿಂಡಿಯೂ ಇದೆ: ಸರ್ಕಾರ ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಖರೀದಿಗೆ ಟೆಂಡರಿನಿಂದ ವಿನಾಯಿತಿ ಕೊಡಬಹುದು. ನಿಮ್ಮ ಊರಿನ ಕಾಮಗಾರಿ ಟೆಂಡರಿಲ್ಲದೆ ನಡೆದಿದ್ದರೆ ಯಾವ ಅಧಿಸೂಚನೆಯ ಮೇಲೆ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಎರಡನೇ ಕೈ

ಒಬ್ಬ ಟೆಂಡರ್ ಹಿಡಿಯುತ್ತಾನೆ, ಇನ್ನೊಬ್ಬನಿಗೆ ಕೆಲಸ ಒಪ್ಪಿಸುತ್ತಾನೆ, ಅವನು ಮೂರನೆಯವನಿಗೆ. ಹಾಲು ಕೈ ಬದಲಾದಂತೆಲ್ಲ ನೀರು ಸೇರುವ ಸಾಧ್ಯತೆ ಹೆಚ್ಚು ಎಂಬುದು ಮಧ್ಯವರ್ತಿಗಳ ಕಾಲ ಕಂಡ ಹಿರಿಯರಿಗೆ ಗೊತ್ತು.

ಇದು ನಮ್ಮ ದೇಶದ ಕಾಯಿಲೆ ಮಾತ್ರ ಅಲ್ಲ. ಅಮೆರಿಕದಲ್ಲಿ 2006ರಲ್ಲಿ ಒಂದು ಕಾನೂನು ಬಂತು. ಎದುರಾಳಿ ಪಕ್ಷಗಳ ಇಬ್ಬರು ಸೆನೆಟರುಗಳು, ಟಾಮ್ ಕೋಬರ್ನ್ ಮತ್ತು ಮುಂದೆ ಅಧ್ಯಕ್ಷರಾದ ಬರಾಕ್ ಒಬಾಮ, ಸೇರಿ ತಂದ ಕಾನೂನು ಅದು. ಕೇಂದ್ರ ಸರ್ಕಾರದ ಗುತ್ತಿಗೆ ಮತ್ತು ಅನುದಾನ ಯಾರಿಗೆ, ಎಷ್ಟು ಹೋಯಿತು ಎಂಬುದನ್ನು ಯಾರು ಬೇಕಾದರೂ ಹುಡುಕುವಂತೆ ಒಂದೇ ಕಡೆ ಹಾಕಬೇಕು ಎಂದಿತು. 2007ರ ಡಿಸೆಂಬರಿನಲ್ಲಿ ಅದರ ಜಾಲತಾಣ ತೆರೆಯಿತು. ಆದರೆ ಮೊದಲ ಕೈಯಿಂದ ಎರಡನೇ ಕೈಗೆ ಹೋದ ಹಣದ ಲೆಕ್ಕ ಬರಲು 2010ರವರೆಗೆ ಕಾಯಬೇಕಾಯಿತು. 25 ಸಾವಿರ ಡಾಲರಿಗೆ ಮೇಲ್ಪಟ್ಟ ಒಳಗುತ್ತಿಗೆ, ಒಳಅನುದಾನಗಳನ್ನೂ ತಿಳಿಸಬೇಕು ಎಂದು ಮಾಡಿದರು. ಅಂಕಿ ತುಂಬುವವರು ಸರಿಯಾಗಿ ತುಂಬದೆ ಅಲ್ಲಿನ ಲೆಕ್ಕಪರಿಶೋಧಕರು ಮತ್ತೆ ಮತ್ತೆ ಆಕ್ಷೇಪ ಎತ್ತಿದ್ದಾರೆ. ಅಷ್ಟು ಕಂಪ್ಯೂಟರ್ ಇರುವ ದೇಶದಲ್ಲೂ ಎರಡನೇ ಕೈ ಮಸುಕೇ. ನಮಗಿರುವ ಒಂದು ಅನುಕೂಲವೆಂದರೆ ನಮ್ಮ ಊರಿನ ಕಾಮಗಾರಿ ನಮ್ಮ ಕಣ್ಣ ಮುಂದೆ ಇದೆ. ಜಲ್ಲಿ ಇಳಿಸಿದ ಲಾರಿ ಯಾರದ್ದು ಎಂದು ನಮಗೆ ಗೊತ್ತಿರುತ್ತದೆ.

ನಮ್ಮೂರ ದನದ ತೊಟ್ಟಿ

ಈಗ ನನ್ನ ಅನುಭವ. ನಮ್ಮೂರಿನಲ್ಲಿ ಪಂಚಾಯಿತಿ ಅನುದಾನದಲ್ಲಿ ದನಗಳಿಗೆ ನೀರಿನ ತೊಟ್ಟಿ ಕಟ್ಟಿದರು. ತೊಟ್ಟಿ ಚೆನ್ನಾಗಿಯೇ ಇತ್ತು. ಸುತ್ತ ಮಾತ್ರ ಮಣ್ಣು. ಐವತ್ತು ಅರವತ್ತು ದನ ನೀರು ಕುಡಿದು ತುಳಿದರೆ ಮಣ್ಣು ಕೆಸರಾಗದೆ ಇರುತ್ತದೆಯೇ? ಒಂದು ಮಳೆಗಾಲ ನಮ್ಮ ಸದಸ್ಯರೊಬ್ಬರ ಏಳು ತಿಂಗಳ ಗಬ್ಬದ ಹಸು ಅಲ್ಲಿ ಜಾರಿ ಹಿಂಗಾಲು ಸೀಳಿ ಬಿತ್ತು. ನಾಲ್ಕು ದಿನ ಎತ್ತಿ ಕಟ್ಟಿದೆವು, ಡಾಕ್ಟರು ಬಂದು ನೋಡಿದರು. ಉಳಿಯಲಿಲ್ಲ. ಆ ಮನೆಗೆ ಅದೊಂದೇ ಹಾಲಿನ ಹಸು.

ಆಗ ನಾವು ಮೂವರು ಸೇರಿ ತೊಟ್ಟಿಯ ಕಾಗದ ಕೇಳಿದೆವು. ಅರ್ಜಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಏಕೆ ಬೇಕು ಎಂದು ಬರೆಯುವ ಅಗತ್ಯವಿಲ್ಲ. ನಾವು ಕೇಳಿದ್ದು ಇಷ್ಟು: ಮಂಜೂರಾತಿ ಆದೇಶ, ಎಸ್ಟಿಮೇಟ್, ಕಾರ್ಯಾದೇಶ, ಅಳತೆ ಪುಸ್ತಕದ ಆ ಪುಟಗಳು, ಪಾವತಿಯಾದ ಬಿಲ್, ಕಾಮಗಾರಿ ಮುಗಿದ ಪ್ರಮಾಣ ಪತ್ರ. 30 ದಿನಕ್ಕೆ ಎಸ್ಟಿಮೇಟ್ ಮತ್ತು ಬಿಲ್ ಬಂತು, ಅಳತೆ ಪುಸ್ತಕ ಬರಲಿಲ್ಲ. ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಿದ ಮೇಲೆ ಅದೂ ಬಂತು.

ಅಳತೆ ಪುಸ್ತಕ, ಎಂಜಿನಿಯರುಗಳು ಎಂ.ಬಿ. ಎನ್ನುವುದು, ಎಲ್ಲಕ್ಕಿಂತ ಮುಖ್ಯವಾದ ಕಾಗದ. ಸ್ಥಳಕ್ಕೆ ಹೋಗಿ ಅಳೆದು ಉದ್ದ, ಅಗಲ, ದಪ್ಪ ಬರೆಯುವ ಪುಸ್ತಕ ಅದು. ಅದರ ಮೇಲೆಯೇ ಬಿಲ್ ನಿಲ್ಲುತ್ತದೆ. ನಮ್ಮ ತೊಟ್ಟಿಯ ಎಂ.ಬಿ.ಯಲ್ಲಿ ಸುತ್ತ ಒಂದೂವರೆ ಮೀಟರ್ ಅಗಲಕ್ಕೆ ಕಲ್ಲುಹಾಸು ಹಾಕಿ ಸಿಮೆಂಟ್ ಸಂದು ತುಂಬಿದೆ ಎಂದಿತ್ತು. ಅಳತೆಯೂ ಇತ್ತು, ಸಹಿಯೂ ಇತ್ತು. ಹಸು ಬಿದ್ದ ಜಾಗ ಅದೇ.

ಗ್ರಾಮಸಭೆಯಲ್ಲಿ ನಾವು ಬೈಯಲಿಲ್ಲ, ಯಾರನ್ನೂ ಕಳ್ಳ ಎನ್ನಲಿಲ್ಲ. ಆ ಪುಟವನ್ನು ಓದಿ, "ಈಗ ಎಲ್ಲರೂ ತೊಟ್ಟಿ ಹತ್ತಿರ ಹೋಗಿ ನೋಡಿ ಬರೋಣವೇ?" ಎಂದು ಕೇಳಿದೆವು. ಯಾರೂ ಮಾತಾಡಲಿಲ್ಲ. ಮೂರು ವಾರದಲ್ಲಿ ಕಲ್ಲುಹಾಸು ಬಂತು. ಯಾರಿಗೂ ಶಿಕ್ಷೆಯಾಗಲಿಲ್ಲ, ಹಸು ಕಳೆದುಕೊಂಡವರಿಗೆ ಒಂದು ಪೈಸೆಯೂ ಸಿಗಲಿಲ್ಲ. ಇದನ್ನೂ ಹೇಳಬೇಕು. ಇಲ್ಲದಿದ್ದರೆ ಈ ಪಾಠ ಸುಳ್ಳಾಗುತ್ತದೆ.

ಲೆಕ್ಕ ಹಾಕುವುದು ಕಷ್ಟವಲ್ಲ. ಉದಾಹರಣೆಗೆ 100 ಮೀಟರ್ ಉದ್ದ, 3.5 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ರಸ್ತೆ ಎಂದುಕೊಳ್ಳಿ. 100ನ್ನು 3.5ರಿಂದ, ಬಂದದ್ದನ್ನು 0.15ರಿಂದ ಗುಣಿಸಿದರೆ 52.5 ಘನ ಮೀಟರ್. ಅಂಚಿನಲ್ಲಿ ಟೇಪು ಹಿಡಿದಾಗ ದಪ್ಪ 10 ಸೆಂಟಿಮೀಟರ್ ಮಾತ್ರ ಇದ್ದರೆ ಬಿದ್ದಿರುವುದು 35 ಘನ ಮೀಟರ್. ಹದಿನೇಳೂವರೆ ಘನ ಮೀಟರ್ ಎಲ್ಲಿ? ಒಂದು ಘನ ಮೀಟರಿಗೆ ಏಳು ಚೀಲ ಸಿಮೆಂಟಿನ ಲೆಕ್ಕ ಇಟ್ಟರೂ 120ಕ್ಕೂ ಹೆಚ್ಚು ಚೀಲ. ಅಂಚಿನಲ್ಲಿ ಒಂದೇ ಕಡೆ ಅಳೆದು ತೀರ್ಮಾನಕ್ಕೆ ಬರಬೇಡಿ. ನಾಲ್ಕಾರು ಕಡೆ ಅಳೆಯಿರಿ, ಬರೆದಿಡಿ, ಫೋಟೋ ತೆಗೆಯಿರಿ. ಹಾಲಿನಲ್ಲೂ ಮೇಲ್ಭಾಗದ ಸ್ಯಾಂಪಲ್ ಬೇರೆ, ಚೆನ್ನಾಗಿ ಕಲಕಿದ ಮೇಲಿನ ಸ್ಯಾಂಪಲ್ ಬೇರೆ ಅಲ್ಲವೇ?

ಎರಡು ಎಚ್ಚರಿಕೆ. ಅರ್ಜಿಯನ್ನು ಸಂಘದ ಹೆಸರಿನಲ್ಲಿ ಹಾಕಬೇಡಿ, ಕಾನೂನು ಹಕ್ಕು ಕೊಟ್ಟಿರುವುದು ನಾಗರಿಕರಿಗೆ. ನಿಮ್ಮ ಹೆಸರಿನಲ್ಲೇ ಹಾಕಿ. ಆದರೆ ಒಬ್ಬರೇ ಹಾಕಬೇಡಿ. ಮೂವರು ನಾಲ್ವರು ಬೇರೆ ಬೇರೆ ಅರ್ಜಿ ಹಾಕಿ, ಹೋಗುವಾಗ ಜೊತೆಯಲ್ಲಿ ಹೋಗಿ. ಒಂಟಿಯಾಗಿ ಮಾಹಿತಿ ಕೇಳಿದವರು ಹಲ್ಲೆಗೊಳಗಾದದ್ದು, ಜೀವ ಕಳೆದುಕೊಂಡದ್ದು ಈ ದೇಶದಲ್ಲಿ ನಡೆದಿದೆ. ಇನ್ನೊಂದು, ದಿನಗಳ ಲೆಕ್ಕ ಇಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು, ಮತ್ತೆ 30 ದಿನದೊಳಗೆ ನೀವು ಮೊದಲ ಮೇಲ್ಮನವಿ ಹಾಕಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25 ಸಾವಿರದವರೆಗೆ ದಂಡ ಹಾಕಬಹುದು.

ನಾವೂ ಹಣ ಪಡೆದವರೇ

ತೊಟ್ಟಿಯ ವಿಚಾರ ಮುಗಿದ ವರ್ಷ ನಮ್ಮ ಹಾಲು ಉತ್ಪಾದಕರ ಸಂಘದ ವಾರ್ಷಿಕ ಮಹಾಸಭೆ. ಆಗ ನಾನು ಸಂಘದ ಅಧ್ಯಕ್ಷ. ಹಿಂದಿನ ವರ್ಷ ಸಂಘದ ಕಟ್ಟಡಕ್ಕೆ ಅನುದಾನ ಬಂದಿತ್ತು. ಜಮಾ-ಖರ್ಚು ಓದಿ ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಿಂದ ಸದಸ್ಯೆಯೊಬ್ಬರು ಎದ್ದು ನಿಂತರು. ಎರಡು ಎಮ್ಮೆ ಕಟ್ಟಿಕೊಂಡು ಮನೆ ನಡೆಸುವವರು, ನನಗಿಂತ ಹಿರಿಯರು.

"ಅಧ್ಯಕ್ಷರೇ, ಪಂಚಾಯ್ತಿ ಬಿಲ್ಲು ಊರಿಗೆಲ್ಲ ಓದಿ ಹೇಳಿದ್ರಿ. ನಮ್ಮ ಡೇರಿ ಕಟ್ಟಡದ ಬಿಲ್ಲೂ ಓದಿ."

ನಾನು ಹೇಳಿದ್ದು: "ಆಡಿಟ್ ಆಗಿದೆ ಕಣಕ್ಕ."

ಅವರು ಕುಳಿತುಕೊಂಡರು. ಸಭೆ ಮುಗಿಯಿತು, ಮೊಸರನ್ನ ಊಟವೂ ಆಯಿತು. ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ರಾಜಸ್ಥಾನದ ಗ್ರಾಮಸೇವಕರು ಹೇಳಿದ ಮಾತನ್ನೇ ನಾನು ಹೇಳಿದ್ದೆ.

ಮರುದಿನ ಕಾರ್ಯದರ್ಶಿಯವರೊಂದಿಗೆ ಕುಳಿತು ಕಟ್ಟಡದ ಬಿಲ್ ತೆಗೆದೆ. ಅದರಲ್ಲಿ ಕಬ್ಬಿಣದ ಷಟರ್ ಎರಡು ಎಂದಿತ್ತು. ಕಟ್ಟಡಕ್ಕೆ ಇರುವುದು ಒಂದೇ ಷಟರ್. ಪ್ರತಿದಿನ ಎರಡು ಹೊತ್ತು ಅದರ ಕೆಳಗೇ ನಾನು ಓಡಾಡಿದ್ದೆ. ಆಡಿಟರು ಬಿಲ್ ನೋಡಿದ್ದರು, ಷಟರ್ ನೋಡಿರಲಿಲ್ಲ. ಅವರ ತಪ್ಪೂ ಅಲ್ಲ, ಅವರು ನೋಡುವುದು ಕಾಗದ. ಕಾಗದವನ್ನೂ ಕಟ್ಟಡವನ್ನೂ ಜೊತೆಗಿಟ್ಟು ನೋಡಬಲ್ಲವರು ಅಲ್ಲಿ ಹಾಲು ಹಾಕುವವರು ಮಾತ್ರ. ಕಂಟ್ರಾಕ್ಟರನ್ನು ಕರೆಸಿದಾಗ ಮೊದಲು ಜೋರು ಮಾಡಿದ, ಆಮೇಲೆ ಮರೆತಿದ್ದೆ ಎಂದ, ಹಣ ವಾಪಸು ಕಟ್ಟಿದ. ಮರೆತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ನಾನಂತೂ ನೋಡಿರಲಿಲ್ಲ.

ಸಹಕಾರ ಸಂಘ ಮಾಹಿತಿ ಹಕ್ಕಿಗೆ ಒಳಪಡುತ್ತದೆಯೇ ಎಂದು ಕೆಲವು ಪದಾಧಿಕಾರಿಗಳು ಕೇಳುತ್ತಾರೆ. 2013ರಲ್ಲಿ ಕೇರಳದ ತಲಪ್ಪಲಂ ಸೇವಾ ಸಹಕಾರಿ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಸಹಕಾರ ಕಾನೂನಿನಡಿ ನೋಂದಣಿಯಾದ ಮಾತ್ರಕ್ಕೆ ಸಂಘ 'ಸಾರ್ವಜನಿಕ ಪ್ರಾಧಿಕಾರ' ಆಗುವುದಿಲ್ಲ. ಸರ್ಕಾರದ ಒಡೆತನ, ಹಿಡಿತ ಅಥವಾ ಗಣನೀಯ ಹಣ ಇದ್ದರೆ ಮಾತ್ರ ಆಗುತ್ತದೆ. 2019ರ ಇನ್ನೊಂದು ತೀರ್ಪಿನಲ್ಲಿ ಸರ್ಕಾರದಿಂದ ಗಣನೀಯ ಹಣ ಪಡೆಯುವ ಖಾಸಗಿ ಸಂಸ್ಥೆಗಳೂ ಉತ್ತರ ಕೊಡಬೇಕು ಎಂದಿದೆ. ಮಹಾಲೇಖಪಾಲರ 1971ರ ಕಾಯ್ದೆಯಲ್ಲಿ ಅಂಕಿಯೇ ಇದೆ: ವರ್ಷದಲ್ಲಿ ಸರ್ಕಾರದಿಂದ ಪಡೆದ ಅನುದಾನ ಅಥವಾ ಸಾಲ 25 ಲಕ್ಷಕ್ಕೆ ಕಡಿಮೆಯಿಲ್ಲದೆ, ಅದು ಒಟ್ಟು ಖರ್ಚಿನ ಶೇ. 75ಕ್ಕೆ ಕಡಿಮೆಯಿಲ್ಲದಿದ್ದರೆ ಆ ಸಂಸ್ಥೆಯ ಲೆಕ್ಕ ಮಹಾಲೇಖಪಾಲರ ಪರಿಶೋಧನೆಗೆ ಬರುತ್ತದೆ. ಸಣ್ಣ ಹಾಲಿನ ಸಂಘ ಇದರಲ್ಲಿ ಬರುವುದು ಅಪರೂಪ. ಆದರೆ ಸಂಘಕ್ಕೆ ಕೊಟ್ಟ ಅನುದಾನದ ಮಂಜೂರಾತಿ, ನಾವು ಬರೆದುಕೊಟ್ಟ ಬಳಕೆ ಪ್ರಮಾಣ ಪತ್ರ ಇಲಾಖೆಯ ಕಡತದಲ್ಲಿರುತ್ತವೆ. ಇಲಾಖೆಯನ್ನು ಕೇಳಿ ಯಾರು ಬೇಕಾದರೂ ಪಡೆಯಬಹುದು. ಸದಸ್ಯರು ಅಲ್ಲಿಗೆ ಹೋಗಿ ಕೇಳುವಂತೆ ಮಾಡುವುದು ಸಂಘಕ್ಕೆ ಗೌರವವಲ್ಲ, ಇದು ನನ್ನ ಅಭಿಪ್ರಾಯ.

ಫಲಾನುಭವಿಗಳ ಪಟ್ಟಿಯ ಮಾತೂ ಹೀಗೆಯೇ. ರಬ್ಬರ್ ಹಾಸು, ಹಾಲು ಕರೆಯುವ ಯಂತ್ರದ ಸಹಾಯಧನ ಯಾರಿಗೆ ಸಿಕ್ಕಿತು ಎಂಬ ಪಟ್ಟಿ ಗೋಡೆಗೆ ಹಚ್ಚಿದರೆ ಕೆಲವರಿಗೆ ಮುಜುಗರವಾಗುತ್ತದೆ. ಹೆಸರು, ಯೋಜನೆ, ಮೊತ್ತ ಇರಲಿ. ಬ್ಯಾಂಕ್ ಖಾತೆ ಸಂಖ್ಯೆ, ಆಧಾರ್ ಸಂಖ್ಯೆ, ಮೊಬೈಲ್ ನಂಬರ್ ಬೇಡ, ಅವು ದುರ್ಬಳಕೆಯಾಗುತ್ತವೆ. ವೈಯಕ್ತಿಕ ಮಾಹಿತಿಯ ವಿನಾಯಿತಿಯನ್ನು 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಮೊದಲಿಗಿಂತ ಅಗಲ ಮಾಡಿದೆ. ಇನ್ನು ಮುಂದೆ ಪಟ್ಟಿ ಕೇಳಿದರೆ "ಇದು ವೈಯಕ್ತಿಕ" ಎಂಬ ಉತ್ತರ ಬರಬಹುದು. ಆಗ ಮಾಹಿತಿ ಹಕ್ಕು ಕಾನೂನಿನ 8(2)ನೇ ಕಲಮನ್ನು ನೆನಪಿಸಿ. ಸಾರ್ವಜನಿಕ ಹಿತ ಹೆಚ್ಚಿದ್ದರೆ ವಿನಾಯಿತಿಯ ಮಾಹಿತಿಯನ್ನೂ ಕೊಡಬಹುದು ಎಂದು ಅದು ಹೇಳುತ್ತದೆ. ಫಲಾನುಭವಿಗಳ ವಿವರ ತಾನಾಗಿ ಪ್ರಕಟಿಸಬೇಕೆಂಬ 4ನೇ ಕಲಮೂ ಹಾಗೆಯೇ ಇದೆ.

ನಮ್ಮ ಸಂಘದಲ್ಲಿ ಈಗ ಮಹಾಸಭೆಗೆ ಒಂದು ವಾರ ಮೊದಲೇ ಆ ವರ್ಷದ ದೊಡ್ಡ ಬಿಲ್ಲುಗಳ ಜೆರಾಕ್ಸ್ ಹಾಲು ಅಳೆಯುವ ಮೇಜಿನ ಪಕ್ಕ ದಾರ ಕಟ್ಟಿ ನೇತುಹಾಕುತ್ತೇವೆ. ಮೊದಲ ವರ್ಷ ಅದನ್ನು ತಿರುವಿ ನೋಡಿದವರು ಏಳೆಂಟು ಜನ. ಓದಲು ಬಾರದವರು ಮೊಮ್ಮಕ್ಕಳ ಕೈಲಿ ಓದಿಸುತ್ತಾರೆ. ಷಟರ್ ಕೇಳಿದ ಆ ಅಕ್ಕ ಕಳೆದ ಸಲ ಬಿ.ಎಂ.ಸಿ. ಜನರೇಟರಿನ ಡೀಸೆಲ್ ಲೆಕ್ಕ ಕೇಳಿದರು. ಲಾಗ್ ಪುಸ್ತಕ ತರಿಸಿ ಎಲ್ಲರ ಮುಂದೆ ಕೂಡಿದೆವು. ಕರೆಂಟು ಹೋದ ಗಂಟೆಗಳಿಗೂ ಡೀಸೆಲ್ಲಿಗೂ ತಾಳೆ ಬಂತು. ಅವರು "ಸರಿ ಬಿಡಿ" ಎಂದು ಕ್ಯಾನ್ ಎತ್ತಿಕೊಂಡು ಹೊರಟರು.